ಹನ್ನೊಂದು ಶ್ರಾವಣ ಕಂಡ ಮಣಿಕಟ್ಟು

ಒಂದೂರಿನಲ್ಲಿ ಒಬ್ಬ ಸಾಹುಕಾರ ಇದ್ದ ಎಂದು ನಾನು ಬಾಯಿ ತೆರೆದರೆ ಸಾಕು, ನೀವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತೀರಿ. ಸಾಹುಕಾರನಿಗೆ ಏನೋ ಕೇಡು ಕಾದಿದೆ, ಕೇಳಿ ಸಂತೋಷಪಡೋಣ ಎಂಬ ಆಸೆ. ಹೌದಲ್ಲವೇ? ಇವತ್ತು ಆ ಸುಖ ಇಲ್ಲ. ಸಾಹುಕಾರ ಇದ್ದ, ಇರಲಿ. ಅವನನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿಬಿಡೋಣ, ಅವನಿಗೂ ಅದೇ ಇಷ್ಟ. ನಾವು ಅವನನ್ನು ದಾಟಿ ಒಳಗೆ ಅಡುಗೆಮನೆಗೆ ಹೋಗೋಣ. ಕಥೆ ಇರುವುದು ಅಲ್ಲಿ, ಒಲೆಯ ಮುಂದೆ ಕೂತ ಅವನ ಹೆಂಡತಿಯ ಹತ್ತಿರ. ಹೆಸರು ಕೇಳಬೇಡಿ. ಊರು ಆಕೆಯನ್ನು ಸಾಹುಕಾರ್ತಿ ಎನ್ನುತ್ತಿತ್ತು, ನಾವೂ ಹಾಗೆಯೇ ಕರೆಯೋಣ.

ಸಾಹುಕಾರ್ತಿಯ ಜೋಳದ ರೊಟ್ಟಿ ಅಂದರೆ ಸುತ್ತಮುತ್ತಲ ಊರಿಗೆಲ್ಲ ಹೆಸರು. ಮನೆಯಲ್ಲಿ ಆಳುಕಾಳು ಇರಲಿಲ್ಲವೇ? ಇದ್ದರು. ಆದರೆ ರೊಟ್ಟಿಯನ್ನು ಮಾತ್ರ ಆಕೆಯೇ ಬಡಿಯಬೇಕು. ಬೇರೆಯವರು ಬಡಿದದ್ದು ಸಾಹುಕಾರನ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಬೆಳಗಾದರೆ ಆ ಮನೆಯಿಂದ ಪಟಪಟ ಸದ್ದು ಬರಬೇಕು, ಆಗ ಓಣಿಯವರು ಹಾಸಿಗೆ ಸುತ್ತಬೇಕು. ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ, ರೊಟ್ಟಿ ತನ್ನಷ್ಟಕ್ಕೆ ತಾನೇ ಅಗಲವಾಗುತ್ತ ಹೋಗುತ್ತದೆ. ನೀವೆಲ್ಲ ನೋಡಿದ್ದೀರಲ್ಲ? ನೋಡಿಲ್ಲ. ತಿಂದಿದ್ದೀರಿ, ನೋಡಿಲ್ಲ.

ಹೀಗಿರುವಾಗ ಒಂದು ದಿನ ಆಕೆ ಬಚ್ಚಲಿನ ಕಲ್ಲಿನ ಮೇಲೆ ಕಾಲು ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟು ಊದಿಕೊಂಡಿತು. ಎಲುಬು ಕಟ್ಟುವ ಮುದುಕ ಬಂದ. ಬಿದಿರ ಕಡ್ಡಿ ಇಟ್ಟು, ಬಟ್ಟೆ ಸುತ್ತಿ, "ತಂಗಿ, ನಲವತ್ತು ದಿನ ಇದನ್ನ ಬಿಚ್ಚಬ್ಯಾಡ. ಆಮ್ಯಾಲೂ ನೋವು ಹೋಗಲಿಲ್ಲಂದ್ರ ನನ್ನ ಕಾಯಬ್ಯಾಡ, ದೊಡ್ಡ ದವಾಖಾನಿಗಿ ಹೋಗಿ ಫೋಟೋ ತಗಸು" ಎಂದ. ಪಾಪ, ತನ್ನ ವಿದ್ಯೆ ಎಲ್ಲಿಗೆ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ನಮ್ಮಲ್ಲಿ ಬಹಳ ಜನಕ್ಕೆ ಅಷ್ಟು ಗೊತ್ತಿರುವುದಿಲ್ಲ.

ಒಂಬತ್ತನೇ ದಿನಕ್ಕೆ ಮೈದುನನ ಮದುವೆ ಬಂತು. ಬೀಗರು ಬರುತ್ತಾರೆ, ಸಾಹುಕಾರ್ತಿಯ ರೊಟ್ಟಿ ಇಲ್ಲದೆ ಊಟವೇ? ಕಟ್ಟು ಬಿಚ್ಚು ಎಂದು ಯಾರೂ ಅನ್ನಲಿಲ್ಲ. ಬಿಚ್ಚಬೇಡ ಎಂದೂ ಯಾರೂ ಅನ್ನಲಿಲ್ಲ. ಆಕೆಯೇ ಹಲ್ಲಿನಿಂದ ಗಂಟು ಬಿಚ್ಚಿ, ಕಡ್ಡಿಗಳನ್ನು ಒಲೆಗೆ ಹಾಕಿ, ಅದೇ ಉರಿಯಲ್ಲಿ ರೊಟ್ಟಿ ಸುಟ್ಟಳು. ಬೀಗರು ಹೊಗಳಿದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತೇವಲ್ಲ, ಯಾರ ಕೈ, ಯಾರ ಬಾಯಿ ಎಂದು ಆ ಗಾದೆ ಹೇಳುವುದಿಲ್ಲ ನೋಡಿ.

ಅಲ್ಲಿಂದ ನೋವು ಆ ಮನೆಯ ಒಬ್ಬ ಸದಸ್ಯನಾಯಿತು. ಚಳಿಗಾಲದಲ್ಲಿ ಜೋರು, ಬೇಸಿಗೆಯಲ್ಲಿ ಸ್ವಲ್ಪ ಸೌಮ್ಯ. ಸಾಹುಕಾರ್ತಿ ಅದಕ್ಕೆ ಹೊಂದಿಕೊಂಡಳು. ಕೊಡವನ್ನು ಎಡ ಸೊಂಟಕ್ಕೆ ದಾಟಿಸಿದಳು. ಒದ್ದೆ ಸೀರೆ ಹಿಂಡಲು ಆಗದಿದ್ದಾಗ ಅದರ ತುದಿಯನ್ನು ಕಂಬಕ್ಕೆ ಕಟ್ಟಿ ಎಡಗೈಯಿಂದ ತಿರುವಿದಳು. ಬಳೆ ಉಜ್ಜಿದರೆ ನೋಯುತ್ತದೆ ಎಂದು ಬಲಗೈಗೆ ಎರಡೇ ಬಳೆ ಉಳಿಸಿಕೊಂಡಳು. ಕೊನೆಗೆ ರೊಟ್ಟಿಯನ್ನೂ ಎಡಗೈಯಿಂದ ಬಡಿಯಲು ಕಲಿತಳು, ಬಲಗೈಗೆ ತಿರುಗಿಸುವ ಕೆಲಸ ಕೊಟ್ಟಳು. ಹೊರಗಿನ ಕಟ್ಟೆಯ ಮೇಲೆ ಕೂತ ಸಾಹುಕಾರ ಎಂಥವನು ಗೊತ್ತೇ? ಊರ ಹೊರಗೆ ತನ್ನ ಟ್ರ್ಯಾಕ್ಟರ್ ಬರುವ ಸದ್ದು ಕೇಳಿ, ಹಿಂದಿನ ಗಾಲಿಯ ಬೇರಿಂಗ್ ಸವೆದಿದೆ ಎಂದು ಹೇಳುವಂಥ ಕಿವಿ ಅವನದು. ಅಂಥ ಕಿವಿಗೆ ಹತ್ತು ಮಾರು ದೂರದಲ್ಲಿ ರೊಟ್ಟಿಯ ಸದ್ದು ಬದಲಾದದ್ದು ಕೇಳಿಸಲಿಲ್ಲ. ನನಗೆ ಇದನ್ನು ಹೇಳುವಾಗ ಸಿಟ್ಟು ಬರುತ್ತದೆ. ಬರಲಿ.

ಹೀಗೆ ವರ್ಷಗಳು ಕಳೆದು, ಆಕೆ ಬಿದ್ದ ಮೇಲಿನ ಹನ್ನೊಂದನೆಯ ಶ್ರಾವಣ ಬಂತು. ಆ ಹೊತ್ತಿಗೆ ಬಲಗೈಯ ಹಿಡಿತವೇ ಕಡಿಮೆಯಾಗಿತ್ತು. ಹಾಲಿನ ತಂಬಿಗೆ ಎರಡು ಸಲ ಜಾರಿ ಬಿದ್ದಿತ್ತು. ಈ ಕೈ ಹೀಗೆಯೇ ಹೋದರೆ ನಾಳೆ ಬಾಚಣಿಗೆಯನ್ನೂ ಹಿಡಿಯಲಾರೆ ಎಂದು ಸಾಹುಕಾರ್ತಿಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಯಾದಾಗ ನಮ್ಮ ತಾಯಂದಿರು ಏನು ಮಾಡುತ್ತಾರೆ? ಆಕೆಯೂ ಅದನ್ನೇ ಮಾಡಿದಳು. ಮಠಕ್ಕೆ ಹೋಗಿ ಹರಕೆ ಹೊತ್ತಳು. ಕೈ ನೆಟ್ಟಗಾಗಲಿ, ಪ್ರವಚನ ನಡೆಯುವ ಈ ಶ್ರಾವಣವಿಡೀ ದಾಸೋಹಕ್ಕೆ ದಿನಕ್ಕೆ ನೂರಾಒಂದು ರೊಟ್ಟಿ ಬಡಿದು ಕೊಡುತ್ತೇನೆ ಎಂದಳು.

ನಗುತ್ತೀರಾ? ನಗಬೇಡಿ. ಕುಂಟು ಎತ್ತು ವಾಸಿಯಾಗಲಿ ಎಂದು ಅದೇ ಎತ್ತನ್ನು ಗಾಡಿಗೆ ಹೂಡಿ ಹೊರಟ ಹಾಗಾಯಿತು. ಆದರೆ ಇದು ಆಕೆಯೊಬ್ಬಳ ದಡ್ಡತನವೇ? ಹರಕೆ ಕೇಳಿದ ಊರು ಆಹಾ ಎಂದಿತು. ಮಠದ ಸ್ವಾಮಿ ಹತ್ತು ದಿನವೂ ಸಂಜೆ ವೇದಿಕೆಯ ಮೇಲೆ ಕೂತು, ಇಂಥ ತಾಯಿ ಮನೆಮನೆಗೂ ಹುಟ್ಟಬೇಕು, ಆ ಕೈಗೆ ಶರಣು ಎಂದ. ಜನ ಚಪ್ಪಾಳೆ ಹೊಡೆದರು. ಆ ಕೈ ಚಪ್ಪಾಳೆ ಹೊಡೆಯಲಾರದೆ ಸೆರಗಿನ ಕೆಳಗೆ ಕೂತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಸಾಹುಕಾರ್ತಿ ಹಿಟ್ಟು ನಾದಿ, ನಲವತ್ತು ರೊಟ್ಟಿ ಮುಗಿಸಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೂತಿದ್ದಳು. ಅತ್ತೆ ಅಂದರೆ ಬಾಯಿ ಜೋರಿನ ಹೆಂಗಸು, ಆಡದ ಮಾತಿಲ್ಲ. ಎಡಗೈಯಲ್ಲಿ ಊಟ ಮಾಡುತ್ತಿದ್ದಳು. ಅದು ಮುದುಕಿಯ ಮೊಂಡುತನ ಎಂದು ಮನೆಯವರೆಲ್ಲ ತಿಳಿದಿದ್ದರು.

"ನಿಲ್ಲಸು" ಎಂದಳು ಅತ್ತೆ.

ಉಪ್ಪು ಹೆಚ್ಚಾಯಿತೋ, ಉರಿ ಹೆಚ್ಚಾಯಿತೋ ಎಂದುಕೊಂಡು ಸಾಹುಕಾರ್ತಿ ತಲೆ ಎತ್ತಿದಳು.

"ಸದ್ದು ಎಡಗೈದು ಐತಿ. ಭಾಳ ದಿನದಿಂದ ಕೇಳಾಕತ್ತೀನಿ. ಬಲಗೈಗೆ ಏನಾಗೇತಿ?"

"ಹಳೇ ನೋವ್ರಿ ಅತ್ತಿ. ಹರಕಿ ಹೊತ್ತೀನಲ್ರಿ, ಹೋಗ್ತೈತಿ."

ಅತ್ತೆ ಎದ್ದು ಬಂದು ಆಕೆಯ ಎದುರು ಕೂತಳು. ತನ್ನ ಬಲಗೈಯ ಮೇಲಿನ ಸೆರಗು ಸರಿಸಿದಳು. ಮಣಿಕಟ್ಟು ಸೊಟ್ಟಗೆ ಒಳಕ್ಕೆ ಮಡಿಚಿಕೊಂಡಿತ್ತು, ಬೆರಳು ಬಿಗಿದಿದ್ದವು.

"ನಾನೂ ಹೊತ್ತಿದ್ದೆ. ಮೂವತ್ತು ವರ್ಷಾತು, ದೇವರು ಇನ್ನೂ ಬಂದಿಲ್ಲ. ಬರಾಂವ ಅಲ್ಲ. ಅಂವಗ ಬ್ಯಾರೆ ಕೆಲಸ ಅದಾವು, ನನ್ನ ಕೈ ನೋಡಾದು ನನ್ನ ಕೆಲಸ ಇತ್ತು. ನಾ ಮಾಡಲಿಲ್ಲ. ನೀ ಈಗ ಎದ್ದು ಬಸ್ ಹತ್ತು."

"ಶ್ರಾವಣ ಮುಗದಮ್ಯಾಲೆ ಹೋಗ್ತೀನ್ರಿ."

"ಶ್ರಾವಣ ಆದಮ್ಯಾಲೆ ದಸರಾ ಬರ್ತೈತಿ. ದಸರಾ ಆದಮ್ಯಾಲೆ ಸುಗ್ಗಿ. ನಾನೂ ಹಂಗ ಎಣಿಸಿದೆ" ಎಂದಳು ಮುದುಕಿ.

ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದರೂ ಸಾಹುಕಾರ್ತಿ ಅತ್ತೆಯ ಆ ಕೈಯನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಇವತ್ತು ನೋಡಿದಳು. ಆಮೇಲೆ ತನ್ನ ಕೈಯನ್ನು ನೋಡಿದಳು. ಹಂಚಿನ ಮೇಲಿದ್ದ ರೊಟ್ಟಿ ಕರಕಾಗುವ ವಾಸನೆ ಬಂತು. ಆಕೆ ಅದನ್ನು ತಿರುವಲಿಲ್ಲ. ಎದ್ದು ಕೈ ತೊಳೆದಳು, ಒಳ್ಳೆಯ ಸೀರೆ ಉಟ್ಟಳು, ಹಿಂಬಾಗಿಲಿನಿಂದ ಹೋಗದೆ ಮುಂಬಾಗಿಲಿನಿಂದಲೇ ಹೊರಬಿದ್ದಳು.

ಕಟ್ಟೆಯ ಮೇಲೆ ಸಾಹುಕಾರನೂ ನಾಲ್ಕು ಜನ ಹಿರಿಯರೂ ಕೂತಿದ್ದರು.

"ಎಲ್ಲಿಗಿ ಹೊಂಟಿ?" ಎಂದ ಸಾಹುಕಾರ.

"ದವಾಖಾನಿಗಿ. ಕೈ ತೋರಸಾಕ."

"ಹರಕಿ ರೊಟ್ಟಿ?"

"ನಲವತ್ತು ಆಗ್ಯಾವು. ಹಿಟ್ಟು ನಾದಿಟ್ಟೀನಿ. ಉಳದದ್ದು ಬಡೀರಿ."

ಕಟ್ಟೆಯ ಮೇಲಿದ್ದ ಐದೂ ಜನ ಎದ್ದು ನಿಂತರು. ಆಮೇಲೆ ಒಬ್ಬ ಹಿರಿಯ ಗಂಟಲು ಸರಿಮಾಡಿಕೊಂಡು, "ಹರಕಿ ನಡುವ ಮುರೀಬಾರದವಾ, ಮನಿತನಕ್ಕ ಒಳ್ಳೇದಲ್ಲ" ಎಂದ. ಸಾಹುಕಾರನೂ ಮೆತ್ತಗೆ, "ಶ್ರಾವಣ ಮುಗೀಲಿ, ನಾನ ಕರಕೊಂಡು ಹೋಗ್ತೀನಿ" ಎಂದ.

ಸಾಹುಕಾರ್ತಿ ನಿಂತಳು. ಹನ್ನೊಂದು ವರ್ಷದ ಸಿಟ್ಟು ಒಮ್ಮೆಲೇ ಬಂತು, ಆದರೂ ಆಕೆ ದನಿ ಏರಿಸಲಿಲ್ಲ.

"ಹತ್ತು ಶ್ರಾವಣ ಮುಗದಾವ್ರಿ, ಇದು ಹನ್ನೊಂದನೇದು. ನನ್ನ ಎಲುಬು ಮುರದಾಗ ಈ ಕಟ್ಟಿ ಮ್ಯಾಲಿಂದ ಒಬ್ರೂ ಎದ್ದು ಬರಲಿಲ್ಲ. ಹರಕಿ ಮುರೀತೈತಿ ಅಂದಕೂಡ್ಲೆ ಐದೂ ಮಂದಿ ಎದ್ದು ನಿಂತೀರಿ. ದೇವರು ಸಿಟ್ಟಾದ್ರ ನನ್ನ ಮ್ಯಾಲೆ ಆಗಲಿ. ಎಡಗೈಲೆ ಮುಗೀತೀನಿ, ಬಲಗೈ ಸುದ್ದ ಆದಮ್ಯಾಲೆ ಎರಡೂ ಕೈ ಜೋಡಸ್ತೀನಿ."

ಬಸ್ಸು ಹತ್ತಿ ಹೋದಳು. ಸಾಹುಕಾರ ಮತ್ತೆ ಕಟ್ಟೆಯ ಮೇಲೆ ಕೂತ, ಆಮೇಲೆ ಎದ್ದು ಚಪ್ಪಲಿ ಮೆಟ್ಟಿ ಮುಂದಿನ ಬಸ್ಸು ಹತ್ತಿದ. ಅಷ್ಟು ಮಾತ್ರ ಅವನ ಪುಣ್ಯ.

ದವಾಖಾನೆಯಲ್ಲಿ ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಣಿಕಟ್ಟಿನಲ್ಲಿ ಗೋಡಂಬಿಯಷ್ಟು ಸಣ್ಣ ಎಲುಬು, ನಡುವೆ ಗೆರೆ. ಅದು ಅಂದು ಮುರಿದದ್ದು ಇಂದಿಗೂ ಕೂಡಿಯೇ ಇರಲಿಲ್ಲ. ಎರಡು ತುಂಡು ಒಂದಕ್ಕೊಂದು ತಿಕ್ಕಿ ತಿಕ್ಕಿ ಪಕ್ಕದ ಕೀಲೂ ಸವೆಯತೊಡಗಿತ್ತು.

"ಆವತ್ತ ಬಂದಿದ್ರ ಮೂರು ತಿಂಗಳ ಪ್ಲಾಸ್ಟರಿನಾಗ ಮುಗೀತಿತ್ತು. ಈಗ ಆಪರೇಷನ್ ಬೇಕು. ಇನ್ನಷ್ಟು ತಡ ಮಾಡಿದ್ರ ಅದೂ ಆಗ್ತಿರಲಿಲ್ಲ. ಇಷ್ಟು ದಿನ ನಿಮ್ಮನ್ನ ಯಾರು ತಡದಿದ್ರು?" ಎಂದರು ಡಾಕ್ಟರು.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬಂದಿತ್ತು. ಸಾಹುಕಾರ್ತಿ ಸುಳ್ಳು ಹೇಳಲಿಲ್ಲ. "ಯಾರೂ ತಡೀಲಿಲ್ರಿ. ಹೋಗು ಅಂತನೂ ಯಾರೂ ಅನ್ನಲಿಲ್ಲ. ನಾನೂ ನನಗ ಅನ್ನಲಿಲ್ಲ" ಎಂದಳು. ಬಾಗಿಲ ಹತ್ತಿರ ನಿಂತ ಸಾಹುಕಾರ ನೆಲ ನೋಡಿದ.

ಆಪರೇಷನ್ ಆಯಿತು. ಎಲುಬು ಕೂಡುತ್ತದೆ, ನೋವು ಇಳಿಯುತ್ತದೆ, ತಂಬಿಗೆ ಹಿಡಿಯಬಹುದು, ತಲೆ ಬಾಚಿಕೊಳ್ಳಬಹುದು, ಆದರೆ ಮಣಿಕಟ್ಟು ಮುಂಚಿನಷ್ಟು ಬಾಗುವುದಿಲ್ಲ, ಇನ್ನು ಮೇಲೆ ರಾಶಿ ರೊಟ್ಟಿ ಬಡಿಯುವಂತಿಲ್ಲ ಎಂದರು. ಆಕೆಗೆ ದುಃಖವಾಯಿತು. ಆಗದೆ ಇರುತ್ತದೆಯೇ? ಊರು ಆಕೆಯನ್ನು ಗುರುತಿಸುತ್ತಿದ್ದದ್ದೇ ಆ ರೊಟ್ಟಿಯಿಂದ. ಒಂದು ದಿನ ಅತ್ತಳು. ಮರುದಿನ, ಹೋದರೆ ರೊಟ್ಟಿ ಹೋಗಲಿ, ಕೈ ನನ್ನದು ಎಂದಳು.

ಶ್ರಾವಣದ ಕೊನೆಯ ದಿನ ಪ್ರವಚನದ ಮಂಗಲ. ಸಾಹುಕಾರ್ತಿ ಬಿಳಿಯ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಮಠಕ್ಕೆ ಬಂದಳು. ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಹೆಂಗಸರು ಗುಸುಗುಸು ಎಂದರು. ವೇದಿಕೆಯ ಮೇಲಿದ್ದ ಸ್ವಾಮಿ, ಏನೋ ಸಮಾಧಾನ ಹೇಳುವವನ ಹಾಗೆ, "ಹರಕೆ ಅರ್ಧಕ್ಕೇ ನಿಂತಿತಲ್ಲ ತಾಯಿ" ಎಂದ.

"ಹೌದ್ರಿ ಅಪ್ಪಾರ, ನಾನ ನಿಲ್ಲಿಸಿದೆ" ಎಂದಳು ಆಕೆ. "ಹತ್ತು ದಿನ ನೀವು ನನ್ನ ರೊಟ್ಟಿ ತಿಂದು ಹೊಗಳಿದ್ರಿ. ಕೈ ಹ್ಯಾಂಗೈತಿ ಅಂತ ಒಂದಿನಾನೂ ಕೇಳಲಿಲ್ಲ."

ಸ್ವಾಮಿಗೆ ಉತ್ತರ ಹೊಳೆಯಲಿಲ್ಲ. ಆ ಸ್ವಾಮಿ ಯಾರು ಎಂದು ನೀವು ಅಕ್ಕಪಕ್ಕದವರನ್ನು ಕೇಳುವುದು ಬೇಡ. ನಾನೇ. ಎರಡು ವರ್ಷವಾಯಿತು, ಉತ್ತರ ಇನ್ನೂ ಹೊಳೆದಿಲ್ಲ. ಹೊಳೆಯುವುದಿಲ್ಲ ಎಂದು ಗೊತ್ತಾಗಿಯೇ ಇವತ್ತು ನಿಮ್ಮ ಮುಂದೆ ಈ ಕಥೆ ಹೇಳಿದೆ.

ಈಗ ನಿಮ್ಮ ಸರದಿ. ಹಳೆಯ ಪೆಟ್ಟು, ತಾನೇ ಹೋಗುತ್ತದೆ ಎಂದು ಕೂತವರು ಇಲ್ಲಿ ಎಷ್ಟು ಜನ? ಕೈ ಎತ್ತಿ ಎನ್ನುವುದಿಲ್ಲ, ಕೆಲವರಿಗೆ ಎತ್ತಲಿಕ್ಕೂ ಆಗುವುದಿಲ್ಲ, ನನಗೆ ಗೊತ್ತು. ಬಿದ್ದು ವಾರಗಟ್ಟಲೆಯಾದರೂ ನೋವು ಬಿಟ್ಟಿಲ್ಲವೇ? ಹೋಗಿ. ಬಲಗೈಯ ಕೆಲಸ ಎಡಗೈಗೆ ಬಂದಿದೆಯೇ? ಹಿಡಿದದ್ದು ಜಾರುತ್ತಿದೆಯೇ, ಬೆರಳು ಜೋಮು ಹಿಡಿಯುತ್ತಿದೆಯೇ? ಹೋಗಿ. ವರ್ಷಗಳ ಹಿಂದಿನದು, ಈಗ ಹೋದರೆ ನಗುತ್ತಾರೆ ಅನಿಸುತ್ತದೆಯೇ? ನಗಲಿ, ಹೋಗಿ. ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ, ಪ್ರವಚನ ಮುಗಿಯಲಿ ಎನ್ನಬೇಡಿ. ನನ್ನ ಪ್ರವಚನ ಪ್ರತಿ ವರ್ಷ ಇರುತ್ತದೆ, ನಿಮ್ಮ ಎಲುಬಿಗೆ ಅಷ್ಟು ತಾಳ್ಮೆ ಇಲ್ಲ. ನಡುವೆಯೇ ಎದ್ದು ಹೋಗಿ. ಎದ್ದು ಹೋದವರಿಗೆ ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಗಂಡಸರೇ, ನಿಮಗೆ ಬೇರೆ ಮಾತು. ಇವತ್ತು ಮನೆಗೆ ಹೋಗಿ ತಟ್ಟೆಯ ಮುಂದೆ ಕೂತಾಗ ರೊಟ್ಟಿ ನೋಡಬೇಡಿ. ಬಡಿಸುವ ಕೈ ನೋಡಿ. ಸೌಟು ಹಿಡಿಯುವಾಗ ಮುಖ ಕಿವುಚುತ್ತಾಳೇನು ನೋಡಿ. ಹೌದಾದರೆ, ಉಂಡ ಮೇಲೆ ಅಲ್ಲ, ಉಣ್ಣುವ ಮೊದಲೇ ಕೇಳಿ. ಕೇಳಿ ಸುಮ್ಮನಾಗಬೇಡಿ, ಬೆಳಿಗ್ಗೆ ಜೊತೆಗೆ ಹೊರಡಿ.

ಇನ್ನು ಈ ಮಠದ ಮಾತು. ಇಂದಿನಿಂದ ಇಲ್ಲಿ ರೊಟ್ಟಿಯ ಹರಕೆ ಸ್ವೀಕರಿಸುವುದಿಲ್ಲ. ಸಂಪ್ರದಾಯ ಮುರಿಯಿತು ಎಂದು ಯಾರಾದರೂ ಅನ್ನುವುದಾದರೆ ನನ್ನ ಮುಂದೆ ಬಂದು ಅನ್ನಲಿ. ನಾಳೆ ದಾಸೋಹಕ್ಕೆ ಅನ್ನ, ಸಾರು. ರೊಟ್ಟಿಯೇ ಬೇಕು ಎನ್ನುವ ಗಂಡಸರು ಬೆಳಿಗ್ಗೆ ಆರಕ್ಕೆ ಅಡುಗೆಮನೆಗೆ ಬನ್ನಿ. ಹಿಟ್ಟು ನಾನು ನಾದಿಟ್ಟಿರುತ್ತೇನೆ.