ಚಾದರದ ಇನ್ನೊಂದು ತುದಿ

ಪರೇಲಿನ ಚಾಳಿನಲ್ಲಿ ಅಕ್ಕು ಬಾಗಿಲ ಹೊರಗೆ ಕುಳಿತು ತನ್ನೊಬ್ಬಳಿಗಾಗುವಷ್ಟು ಬೀನ್ಸ್ ಮುರಿಯುತ್ತಿದ್ದಳು. ಪಕ್ಕದ ಮನೆಯಲ್ಲಿ ಬೀಬೀಜಾನ ಮತ್ತು ಮಗಳು ನಿಶಾತ ಮಂಚದ ಮೇಲೆ ಚಾದರವನ್ನು ಎರಡೂ ತುದಿ ಹಿಡಿದು ಬಿಗಿಯಾಗಿ ಎಳೆಯುತ್ತಿದ್ದರು; ಅವರ ಮಾತು ಅಕ್ಕುವಿಗೆ ಕೇಳಿಸುತ್ತಿತ್ತು.

“ಒಂದ ಕಡೆ ಅಷ್ಟ ಜಗ್ಗಬ್ಯಾಡ, ಸುಕ್ಕು ಬಿತ್ತು ನೋಡು.”

“ನಾಳೆ ಕ್ಲಬ್ಬಿನ ಪೂಲ್ ಆಟದ ಟೇಬಲ್‌ಗೆ ಹಿಂಗ ಬಟ್ಟಿ ಹಾಕಿದ್ರ ಕೆಲಸಾ ಕಲಸೋ ಉಸ್ತಾದ ಮನಿಗೆ ಕಳಸ್ತಾನ, ಅಮ್ಮಿ.”

“ರಾತ್ರಿ ಮತ್ತ ರೂಢಿ ಮಾಡು.”

“ನೀ ಈಗ ಊರಿಗೆ ಹೊಂಟಿ. ಆ ತುದಿ ಯಾರು ಹಿಡೀತಾರ?”

“ಬಾಜೂ ಮನಿ ಅಕ್ಕನ್ನ ಕರಿ.”

“ಆಕಿ ಒಂದ ದಿನಾನೂ ನಕ್ಕಿಲ್ಲ.”

“ನೀ ನಕ್ಕೀ ಏನು?”

ನಿಶಾತ ಚಾದರದ ಸುಕ್ಕನ್ನು ಅಂಗೈಯಿಂದ ಒತ್ತಿ ಸರಿಮಾಡಿದಳು. ಇಬ್ಬರೂ ಚೀಲ ಎತ್ತಿಕೊಂಡು ಸ್ಟೇಷನ್ನಿಗೆ ಹೊರಟರು. ಅಕ್ಕು ತಲೆ ಎತ್ತಲಿಲ್ಲ. ಹೆಜ್ಜೆಗಳು ಮೆಟ್ಟಿಲಿಳಿದ ಮೇಲೆ, ಹುಡುಗಿ ಒಬ್ಬಳೇ ಮರಳಿದಾಗ ತಾನಾಗಿಯೇ ಹೋಗಿ ಆ ತುದಿ ಹಿಡಿಯುವುದೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡು, ಬುಟ್ಟಿಯಿಂದ ಇನ್ನೊಂದು ಹಿಡಿ ಬೀನ್ಸ್ ತೆಗೆದುಕೊಂಡಳು.