ಅಳಿಸ್ಲಾ ಅಂತ ಕೇಳ್ತೈತೆ

2008ರ ಬೇಸಿಗೆ. ಚಳ್ಳಕೆರೆ ನಿಲ್ದಾಣದಲ್ಲಿ ಮೊಳಕಾಲ್ಮೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬರು ನೇಕಾರರು, ಅವರನ್ನು ಬಸ್ ಹತ್ತಿಸಲು ಬಂದಿದ್ದ ಅವರ ತಂಗಿಯ ಮಗಳು ದಿವ್ಯಶ್ರೀ.

“ಅವ್ವ ಬರೆದ ಸೆರಗಿನ ಡಿಸೈನಿನ ಹಳೇ ಫೈಲು ಹೊಸ ಕಂಪ್ಯೂಟರ್‌ನಾಗೆ ಓಪನ್ನೇ ಆಗ್ತಿಲ್ಲ ದಿವ್ಯಾ. ಮೂರು ದಿನ ಆತು.”

“ಅದಕ್ಕೇ ಮಾವ, ಅದ್ರೊಳಗೇ ಸಾಫ್ಟ್‌ವೇರ್‌ನಾಗೆ ಒಂದು ಹಳೇ ಕಂಪ್ಯೂಟರ್ ಮಾಡಿಕೊಟ್ಟೆನಲ್ಲ. ಸಿ.ಡಿ. ಬೇಡ, ಅದರ ನಕಲು ಐಎಸ್ಒ ಫೈಲ್‌ನಿಂದಲೇ ಇನ್‌ಸ್ಟಾಲ್ ಶುರುವಾಗ್ತೈತೆ.”

“ಶುರುವೇನೋ ಆಗ್ತೈತೆ. ಆಮೇಲೆ ಡಿಸ್ಕ್‌ನಾಗಿರೋದೆಲ್ಲ ಅಳಿಸ್ಲಾ ಅಂತ ಕೇಳ್ತೈತೆ. ಪ್ರತಿ ಸಲ ಬೇಡ ಅಂತ ಒತ್ತಿದೀನಿ.”

“ಅಯ್ಯೋ ಮಾವ! ಅದು ಕೇಳೋದು ಆ ಒಳಗಿನ ಕಂಪ್ಯೂಟರ್‌ನ ಖಾಲಿ ಡಿಸ್ಕ್ ಬಗ್ಗೆ. ಅಜ್ಜಿ ಡಿಸೈನು ಹೊರಗಿನ ನಿಜವಾದ ಡಿಸ್ಕ್‌ನಾಗೈತೆ.”

“ಮಗ್ಗದಿಂದ ಸೀರೆ ಕೊಯ್ದಾಗ್ಲೂ ಹಳೇ ಎಳೆ ತುದಿ ಉಳಿಸ್ಕೊಂಡು, ಅದಕ್ಕೇ ಹೊಸ ಹಾಸಿನ ಎಳೆ ಬೆಸೆಯೋರು ನಾವು. ಎಲ್ಲಾ ಅಳಿಸು ಅನ್ನೋಕೆ ಬೆರಳೇ ಏಳಲ್ಲ ತಾಯಿ.”

“ಹಳೇ ಮಗ್ಗ ಯಾರೂ ಮುಟ್ತಿಲ್ಲ ಮಾವ. ಪಕ್ಕದಾಗೆ ಖಾಲಿ ಮಗ್ಗ ಹೂಡ್ತಿದೀವಿ, ಅಷ್ಟೇ.”

“ಅವ್ವಂಗೆ ಈಗ ಕಣ್ಣು ಕಾಣಲ್ಲ. ಆ ಡಿಸೈನು ಅಳಿಸಿಹೋದ್ರೆ ಇನ್ನೊಂದು ಸಲ ಬರ್ಕೊಡು ಅಂತ ಯಾರನ್ನ ಕೇಳ್ಲಿ?”

ಬಸ್ಸು ಬಂತು. ಅವರು ಅವಳ ಕೈ ಹಿಡಿದುಕೊಂಡರು.

“ನೀನೂ ಹತ್ತು. ನೀನೇ ಬಂದು ಹೂಂ ಅಂತ ಒತ್ತು. ಅಷ್ಟೊತ್ತು ನಾನು ಹೊರಗೆ ಜಗಲಿ ಮೇಲೆ ಕೂತಿರ್ತೀನಿ.”

ಚಪ್ಪಲಿ ಸರಿಮಾಡಿಕೊಂಡು ಅವಳೂ ಹತ್ತಿದಳು.