ಅಳಿಸಿದ ಬೇಸ್

ದೀಪ ಸಣ್ಣದು ಮಾಡಿ. ನಿದ್ದೆ ಬಂದವರು ಈಗಲೇ ಎದ್ದು ಹೋಗಿ, ನಡುವೆ ಯಾರಾದರೂ ಆಕಳಿಸಿದರೆ ನಾನು ನಿಲ್ಲಿಸಿಬಿಡುತ್ತೇನೆ. ದೆವ್ವ ಕಂಡೆ ಅನ್ನುವವರನ್ನು ಹತ್ತಿರ ಸೇರಿಸುವವಳಲ್ಲ ನಾನು. ಭೌತಶಾಸ್ತ್ರದಲ್ಲಿ ಪದವಿ ಪಡೆದವಳು. ಮನೆಯಲ್ಲಿ ಒಂದು ಬಲ್ಬು ಆರಿದರೂ ಕಾರಣ ಹುಡುಕಿ, ತಾರೀಖು ಹಾಕಿ ಬರೆದಿಡುತ್ತೇನೆ. ಆದ್ದರಿಂದ ಇದನ್ನು ಕಟ್ಟುಕತೆ ಅಂದುಕೊಳ್ಳಬೇಡಿ. ನನ್ನ ತಂಗಿಯ ಮಗಳಿಗೆ ಆದದ್ದು. ಕೊನೆಗೆ ನನಗೂ...

ಅವಳನ್ನು ಮನೆಯಲ್ಲಿ ಮೆಣಸು ಅಂತ ಕರೆಯುತ್ತೇವೆ. ಆ ರಾತ್ರಿ ಕೆಲಸ ಬಿಟ್ಟು ಒಬ್ಬಳೇ ನಡೆದು ಬರುತ್ತಿದ್ದಳು. ದಾರಿಯಲ್ಲಿ ಒಂದು ಹಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ಯಾರೋ ಎಸೆದ ಮುರುಕು ಕುರ್ಚಿ. ಬಾವಿ ದಾಟಿ ಸ್ವಲ್ಪ ದೂರ ಬಂದಿದ್ದಳು. ಕೇಳಿಸಿತು.

ಧೂಂ... ಧೂಂ... ಧುಧೂಂ...

ನೀರಿನ ಪಂಪ್ ಇರಬೇಕು ಅಂದುಕೊಂಡಳು. ಪಂಪ್ ಎಲ್ಲಾದರೂ ಸ್ವರ ಬದಲಿಸುತ್ತದೆಯೇ? ಇದು ಬದಲಿಸುತ್ತಿತ್ತು. ಹಗಲೆಲ್ಲ ಅವಳು ಕೇಳಿ ಕೇಳಿ ಸೋತಿದ್ದ ಸ್ವರಗಳೇ. ಮೌನಿ ನುಡಿಸಿದ್ದು.

ಮೌನಿ ಯಾರು ಅಂತ ಹೇಳಬೇಕಲ್ಲ. ಮೆಣಸಿನ ಕೆಲಸ ಮಿಕ್ಸಿಂಗ್. ಬೇರೆ ಬೇರೆಯಾಗಿ ನುಡಿಸಿ ರೆಕಾರ್ಡ್ ಮಾಡಿದ್ದನ್ನು ಹದ ಮಾಡಿ ಒಂದು ಹಾಡಾಗಿಸುವುದು. ಆಗ ಅವಳ ಕೈಯಲ್ಲಿ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತ ನುಡಿಸುವ ಒಂದು ಗುಂಪಿನ ಹಾಡಿತ್ತು. ಹಾಡು ಅನ್ನುವುದು ಅವರು, ನಾನಲ್ಲ. ಡ್ರಮ್ಮಿನವನು ಎರಡೂ ಕಾಲಲ್ಲಿ ಹೊಲಿಗೆ ಮಿಷನ್ ತುಳಿದ ಹಾಗೆ ತುಳಿಯುತ್ತಾನೆ. ಹಾಡುವವನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿರುತ್ತದೆ, ಅದನ್ನು ಯಾರೂ ತೆಗೆಸುವುದಿಲ್ಲ. ಗಿಟಾರಿನವನು ಗುಂಪಿಗೆ ಯಜಮಾನ. ಸೊಂಟದವರೆಗೆ ಜಡೆ, ಹಾಗಾಗಿ ನನ್ನ ಬಾಯಲ್ಲಿ ಅವನ ಹೆಸರು ಜಡೆ. ಅದನ್ನು ಹೆಣೆದುಕೊಳ್ಳುವ ಹೊತ್ತಿನಲ್ಲಿ ಅರ್ಧದಷ್ಟನ್ನು ಶ್ರುತಿ ಮಾಡಲು ಕೊಟ್ಟಿದ್ದರೂ ಅವನ ಗಿಟಾರ್ ನೆಟ್ಟಗಿರುತ್ತಿತ್ತು.

ಅವರಲ್ಲಿ ಮನುಷ್ಯನ ಹಾಗಿದ್ದವನು ಬೇಸ್ ಗಿಟಾರಿನವನೊಬ್ಬನೇ. ನಾಲ್ಕೇ ದಪ್ಪ ತಂತಿಯ, ಕೆಳದನಿಯ ಗಿಟಾರ್ ಅದು. ಮಾತು ಕಡಿಮೆ, ಆದ್ದರಿಂದ ಮೌನಿ. ತನ್ನ ಪಾಲು ನುಡಿಸಿ ಹೋದವನು ರಸ್ತೆ ಅಪಘಾತದಲ್ಲಿ ತೀರಿಕೊಂಡ. ಮಗ ಕೊನೆಗೆ ನುಡಿಸಿದ್ದನ್ನು ಕೇಳಬೇಕು ಅಂತ ಅವನ ತಾಯಿ ಬಾವಿಯ ಆ ರಾತ್ರಿಯ ಮರುದಿನ ಸ್ಟುಡಿಯೋಗೆ ಬರುವವರಿದ್ದರು.

ಕೇಳಿಸಬೇಕಲ್ಲ? ಅದೇ ಆಗುತ್ತಿರಲಿಲ್ಲ. ಡ್ರಮ್ಮಿನದೂ ದಪ್ಪ ಸದ್ದು, ಬೇಸಿನದೂ ದಪ್ಪ ಸದ್ದು. ಆ ಹುಚ್ಚು ವೇಗದಲ್ಲಿ ಒಂದು ಏಟಿನ ಬಾಲ ಆರುವ ಮೊದಲೇ ಇನ್ನೊಂದು ಏಟು. ಎಲ್ಲ ಕಲಸಿ ಕೆಸರು.

"ಬೇಸ್ ತೆಗೆದು ಬಿಸಾಕು," ಅಂದಿದ್ದ ಜಡೆ. "ಯಾರು ಕೇಳ್ತಾರೆ ಅದನ್ನ?"

"ಅವರಮ್ಮ ಬರ್ತಿದಾರಲ್ಲೋ."

"ಅವರಿಗೇನು ಗೊತ್ತಾಗುತ್ತೆ? ನಾಳೆ ಹೊತ್ತಿಗೆ ಸರಿಹೋಗ್ಲಿಲ್ಲ ಅಂದ್ರೆ ನಾನೇ ಅಳಿಸ್ತೀನಿ. ಆ ಜಾಗಕ್ಕೆ ನನ್ನ ಗಿಟಾರ್ ಇನ್ನೊಂದ್ಸಲ ಹೊಡೀತೀನಿ."

ಗೆಳೆಯನಂತೆ ಇವನು.

ಸರಿ, ಬಾವಿಗೆ ಬರೋಣ. ಮೆಣಸು ಹಿಂದಕ್ಕೆ ಬಂದು ಜಾಲರಿಗೆ ಕಿವಿ ಕೊಟ್ಟಳು. ಸದ್ದು ಒಳಗಿನಿಂದಲೇ. ಬಾವಿಯೊಳಗೆ ಯಾವ ಸದ್ದೇ ಆಗಲಿ, ಗುಂಯ್ ಅಂತ ಎಳೆಯಬೇಕು. ಇದು ಎಳೆಯಲಿಲ್ಲ. ಧೂಂ. ನಿಂತಿತು. ಧೂಂ. ನಿಂತಿತು. ಪ್ರತಿ ಸಲವೂ ಯಾರೋ ತಂತಿಯ ಮೇಲೆ ಅಂಗೈ ಒತ್ತಿದ ಹಾಗೆ.

"ಯಾರು?" ಅಂದಳು, ಪಿಸುದನಿಯಲ್ಲಿ.

ಧೂಂ ಪೂರ್ತಿ ನಿಂತಿತು. ಆಮೇಲೆ...

"ಡ್ರಮ್ ಸಣ್ಣ ಮಾಡು..."

"ಏನು?"

"ದಪ್ಪ ಸದ್ದು ಅವನಿಗ್ಯಾಕೆ... ಟಕ್ ಟಕ್ ಸಾಕು. ಕೆಳಗೆ ನಾನಿರ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಓಡುತ್ತಿದ್ದರು. ನಮ್ಮ ಮೆಣಸು ಸ್ಟುಡಿಯೋಗೆ ಓಡಿದಳು. ಡ್ರಮ್ಮಿನ ದಪ್ಪವನ್ನೆಲ್ಲ ಕತ್ತರಿಸಿ ಕೋಲು ಬಡಿದಂಥ ಟಕ್ ಟಕ್ ಅಷ್ಟೇ ಉಳಿಸಿದಳು. ಗಿಟಾರುಗಳ ಅಡಿಯಲ್ಲಿ ಗುರುಗುಟ್ಟುತ್ತಿದ್ದದ್ದನ್ನು ಗುಡಿಸಿ ಹಾಕಿದಳು. ಬೇಸಿನ ಒಂದೊಂದು ಸ್ವರದ ಬಾಲವನ್ನೂ ಮೊಟಕು ಮಾಡಿದಳು. ಬೆಳಗಾಗುವಾಗ ಕೆಸರು ತಿಳಿಯಾಗಿತ್ತು.

ನನಗೆ ಫೋನ್ ಮಾಡಿದಳು. ನಾನು ನಕ್ಕುಬಿಟ್ಟೆ.

"ಹಗಲೂ ರಾತ್ರಿ ಆ ರಂಪ ಕೇಳಿದ್ರೆ ಬಾವಿ ಏನು, ಬಕೆಟ್ಟೂ ಮಾತಾಡುತ್ತೆ. ಉಪಾಯ ಹೊಳೆದದ್ದು ನಿನ್ನ ತಲೆಗೇ ಕಣೇ."

"ನೀವೇ ಬಂದು ಕೇಳಿ ದೊಡ್ಡಮ್ಮ."

ಹೋದೆ. ಟೈರ್ ಅಂಗಡಿಯ ಕೆಳಗಿನ ನೆಲಮಾಳಿಗೆ ಅದು. ಗೋಡೆಗೆಲ್ಲ ಸ್ಪಂಜು, ನಡುವೆ ಕಂಪ್ಯೂಟರಿನ ಮುಂದೆ ಒಂದು ತಿರುಗುವ ಕುರ್ಚಿ, ಹಿಂದಿನ ಮೂಲೆಯಲ್ಲಿ ಒಂದು ಸೋಫಾ. ಕುರ್ಚಿಯಲ್ಲಿ ಜಡೆ ಆಗಲೇ ವಿರಾಜಮಾನ.

"ಬನ್ನಿ ಆಂಟಿ," ಅಂದ.

"ನಾನು ಯಾರ ಆಂಟಿಯೂ ಅಲ್ಲಪ್ಪ," ಅಂದೆ.

ಅವನು ಹಾಡು ಕೇಳಿ ಮುಗಿಸಿ ತುಟಿ ಸೊಟ್ಟ ಮಾಡಿದ. "ಡ್ರಮ್ಮೇನೋ ಚೆನ್ನಾಗಿದೆ. ಬೇಸ್ ಈಗಲೂ ಕೇಳ್ತಾ ಇಲ್ಲ."

"ಆ ಕುರ್ಚಿಗೆ ಯಾವತ್ತೂ ಕೇಳಲ್ಲ ಕಣೋ," ಅಂದಳು ಮೆಣಸು. "ಹಿಂದೆ ಸೋಫಾಗೆ ಬಾ."

ಅವಳು ಹೇಳಿದ್ದು ಸರಿ. ಚಿಕ್ಕ ಕೋಣೆಯಲ್ಲಿ ದಪ್ಪ ಸದ್ದಿನ ಅಲೆ ಗೋಡೆಗೆ ಬಡಿದು ಹಿಂದಿರುಗಿ, ಒಂದು ಕಡೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಮೂಲೆಯಲ್ಲಿ ಉಬ್ಬುತ್ತದೆ. ಕಾಲೇಜಿನ ಮೊದಲ ವರ್ಷದ ಪಾಠ. ಈ ಮಹಾಶಯ ಅಳಿಸಿಹೋಗುವ ಜಾಗದಲ್ಲೇ ಕೂತು ಬೇಸ್ ಇಲ್ಲ ಅಂತ ತೀರ್ಪು ಕೊಡುತ್ತಿದ್ದ.

"ಸೋಫಾದಲ್ಲಿ ಕೂತು ಕೇಳೋನು ಗಿರಾಕಿ," ಅಂದ. ಮೆಣಸು ಹತ್ತಿರ ಬರುವ ಮೊದಲೇ ಬೆರಳಾಡಿಸಿದ. ಪರದೆಯ ಮೇಲೆ ಬೇಸಿನ ಪಟ್ಟಿ ಖಾಲಿಯಾಯಿತು. "ಅಳಿಸಿದೆ. ನನ್ನ ಹತ್ರ ಇದ್ದ ಪ್ರತೀನೂ ಬೆಳಿಗ್ಗೆನೇ ತೆಗೆದೆ."

ಮೆಣಸಿನ ಮುಖ ನೋಡಲಾಗಲಿಲ್ಲ ನನಗೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ತಾಯಿ ಬಂದರು. ಸೋಫಾದಲ್ಲಿ ಕೂತು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ಹಾಕಮ್ಮ," ಅಂದರು.

ಹಾಕಿದವನು ಜಡೆ. ಎಳ್ಳಷ್ಟೂ ನಾಚಿಕೆಯಿಲ್ಲ.

ತಾಯಿ ಕಣ್ಣು ಮುಚ್ಚಿದರು. ಅವರ ಬೆರಳು ಸೋಫಾದ ತೋಳಿನ ಮೇಲೆ ನಿಧಾನವಾಗಿ ಏಳತೊಡಗಿತು, ಬೀಳತೊಡಗಿತು.

"ನನ್ನ ಮಗನದೇ," ಅಂದರು. "ಮನೇಲೂ ಹೀಗೇ, ಕೈ ಒತ್ತಿ ಒತ್ತಿ ನಿಲ್ಲಿಸ್ತಿದ್ದ. ನಾನು ಮಲಗಿದೀನಿ ಅಂತ."

"ಅದು ಡ್ರಮ್ಮು ಆಂಟಿ," ಅಂತ ಹಲ್ಲು ಕಿರಿಯುತ್ತ ಜಡೆ ಬಂದು ಅವರ ಪಕ್ಕ ಕೂತ. ಕೂತವನ ಹಲ್ಲು ಒಳಗೆ ಹೋಯಿತು.

ನಾನೂ ಮೂಲೆಗೆ ಹೋದೆ. ಟಕ್ ಟಕ್ ಟಕ್ ಮೇಲೆ. ಅದರ ಕೆಳಗೆ... ಧೂಂ. ನಿಂತಿತು. ಧೂಂ. ನಿಂತಿತು. ಪರದೆಯ ಮೇಲೆ ಆ ಪಟ್ಟಿ ಖಾಲಿ.

ನನ್ನ ಬಳಿ ಉತ್ತರವಿತ್ತು. ಸೋಫಾದ ಹಿಂದಿನ ಗೋಡೆಯಲ್ಲಿ ಮೌನಿಯ ಬೇಸ್ ಗಿಟಾರ್ ತೂಗುತ್ತಿತ್ತು. ಕೋಣೆಯ ಸದ್ದಿಗೆ ಅದರ ತಂತಿ ತಾನಾಗಿ ಕಂಪಿಸುತ್ತಿದೆ, ಇದಕ್ಕೆ ಅನುರಣನ ಅಂತಾರೆ, ಇಷ್ಟಕ್ಕೆಲ್ಲ ಬೆವರುತ್ತಾರೆಯೇ ಅಂತ ಜಡೆಗೆ ಹೇಳಿ, ಕತ್ತಲ ಮೂಲೆಯಲ್ಲಿ ಕೈ ಚಾಚಿ ತಂತಿಗಳ ಮೇಲೆ ಅಂಗೈ ಗಟ್ಟಿಯಾಗಿ ಒತ್ತಿದೆ. ಅಡಿಯಲ್ಲಿ ನಡುಕ ತಗುಲಿತು. ಸದ್ದು ನಿಂತಿತು. ಕೈ ಎತ್ತಿದೆ.

ಧೂಂ.

"ನೋಡಿದ್ಯಾ? ತಂತಿ," ಅಂದೆ.

ತಾಯಿ ಕಣ್ಣು ತೆರೆಯದೆ ಹೇಳಿದರು. "ಅದಕ್ಕೆ ತಂತಿ ಇಲ್ಲಮ್ಮ. ಅವನು ಹೋದ ಮೇಲೆ ನಾನೇ ಬಿಚ್ಚಿಸಿಕೊಂಡು ಹೋದೆ. ಮನೇಲಿ ಡಬ್ಬಿಯಲ್ಲಿದೆ."

ಮೆಣಸು ಮೊಬೈಲಿನ ಬೆಳಕು ಹಿಡಿದಳು. ಬರೀ ಮರ.

ಹಾಡು ಹಾಗೆಯೇ, ಆ ಪಟ್ಟಿ ಖಾಲಿಯಿಟ್ಟುಕೊಂಡೇ ಹೊರಬಂತು. ಜಡೆ ಆಮೇಲೆ ಅದನ್ನು ಮುಟ್ಟಲಿಲ್ಲ, ಮೌನಿಯ ಹೆಸರನ್ನು ತಾನೇ ಕೇಳಿ ಹಾಕಿಸಿದ. ಇಷ್ಟರ ಮಟ್ಟಿಗಾದರೂ ಮನುಷ್ಯನಾದ ಅನ್ನಿ. ನೀವು ನಂಬಿ, ಬಿಡಿ. ನಾನು ನೋಡಿದ್ದನ್ನು ಹೇಳಿದ್ದೇನೆ, ಒಂದು ಮಾತೂ ಸೇರಿಸಿಲ್ಲ. ಮನೆಗೆ ಬಂದು ಸೋಪು ಹಚ್ಚಿ ಕೈ ತೊಳೆಯುವಾಗ ಅಂಗೈ ಉರಿಯಿತು. ಅಡ್ಡಕ್ಕೆ ನಾಲ್ಕು ಕೆಂಪು ಗೆರೆ.